ಸೋಮವಾರದ ಚಳಿ

ಹವಾಮಾನದ ಮೇಡಮ್ಮ ಮಳೆಗಾಲದಲ್ಲೇ ತೀರಿಕೊಂಡಳಂತೆ. ಜೀಪಿನ ಡ್ರೈವರ್ ಈ ಮಾತು ಹೇಳುವಾಗ ನಾನು ಅಂಗಳದಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದೆ. ಅವನು ತಗ್ಗಿನ ಹೊಲದಲ್ಲಿರುವ ಕಂಬಕ್ಕೆ ಹೊಸ ಬ್ಯಾಟರಿ ಹಾಕಲು ಬಂದಿದ್ದ. ಏನಾಗಿತ್ತು ಎಂದು ಕೇಳಿದೆ. ಕರುಳಿನ ಕಾಯಿಲೆ ಎಂದ. ಬಹಳ ದಿನ ನರಳಿದಳಾ ಎಂದೆ. ಇಲ್ಲ ಎಂದ. ಹಾಗಾದರೆ ಒಳ್ಳೆಯದಾಯಿತು ಎಂದೆ. ಅವನಿಗೆ ನನ್ನ ಮಾತು ಹಿಡಿಸಲಿಲ್ಲವೆಂದು ಕಾಣುತ್ತದೆ, ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಸತ್ತವರ ಸುದ್ದಿ ಕೇಳಿದ ಕೂಡಲೇ ಸೆರಗು ಕಣ್ಣಿಗೆ ಹೋಗಬೇಕು ಎಂದು ಜನ ಕಾಯುತ್ತಾರೆ. ನನಗೆ ಅಳು ಬರಲಿಲ್ಲ. ಆದರೆ ಅವತ್ತಿನಿಂದ ಒಂದು ಕಡೆ ಕೂರುವುದಕ್ಕೂ ಆಗುತ್ತಿಲ್ಲ. ಸಂಜೆಯಾದರೆ ಒಳಗೆ ಹೊರಗೆ ಓಡಾಡುತ್ತೇನೆ. ಅದು ಅವಳ ರೋಗ. ಅಂಟಿಸಿ ಹೋಗಿದ್ದಾಳೆ.

ಜೀಪಿನಲ್ಲಿ ಬಿಟ್ಟರೆ ಅವಳು ಕೂತಿದ್ದನ್ನು ನಾನು ನೋಡಿದ್ದು ಒಂದೇ ಸಲ. ಅದನ್ನು ಆಮೇಲೆ ಹೇಳುತ್ತೇನೆ. ಉಳಿದಂತೆ ಚಹಾ ಕುಡಿಯುವುದು ನಿಂತುಕೊಂಡೇ, ಮುದ್ದೆ ತಿನ್ನುವುದೂ ಬಾಗಿಲ ಹತ್ತಿರ ತಟ್ಟೆ ಹಿಡಿದುಕೊಂಡೇ. ಮಾತಿನ ನಡುವೆ ತಟ್ಟನೆ ಹೊರಗೆ ಹೋಗಿ ನಮ್ಮ ಒಲೆಯ ಹೊಗೆ ನೆಟ್ಟಗೆ ಏರುತ್ತಿದೆಯೋ ಬಾಗುತ್ತಿದೆಯೋ ನೋಡುತ್ತಿದ್ದಳು. ದೂರದ ಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುತ್ತಿವೆಯೇ ಎಂದು ನೋಡುತ್ತಿದ್ದಳು. ಮತ್ತೆ ಒಳಗೆ ಬಂದು ಬಿಟ್ಟ ಮಾತನ್ನೇ ಹಿಡಿಯುತ್ತಿದ್ದಳು. ಎಲ್ಲರೂ ಅವಳನ್ನು ಮೇಡಂನೋರು, ಅವರು, ಇವರು ಎನ್ನುತ್ತಿದ್ದರು. ನನ್ನ ಮಗಳ ವಯಸ್ಸಿನವಳು. ನನಗೆ ಅವಳೇ.

ನಮ್ಮದು ತಳಕು ದಾಟಿ ಮೊಳಕಾಲ್ಮೂರಿನ ಕಡೆಗೆ ಹೋಗುವಾಗ ದಾರಿಯಿಂದ ಒಳಗಿರುವ ಹಟ್ಟಿ. ಕುರಿ ಸಾಕುವ ಮನೆಗಳೇ ಹೆಚ್ಚು. ನಮ್ಮ ಹೊಲದಲ್ಲಿ ಒಂದು ತಗ್ಗು, ಅದರ ತಲೆಗೆ ಒಂದು ದಿಬ್ಬ. ಚಳಿಗಾಲದ ಸಂಜೆ ನಮಗಿರುವ ಪ್ರಶ್ನೆ ಒಂದೇ: ಮಂದೆ ತಗ್ಗಿನಲ್ಲಿ ಮಲಗಬೇಕೋ ದಿಬ್ಬದ ಮೇಲೋ. ಗಾಳಿ ಬೀಸುವ ರಾತ್ರಿ ದಿಬ್ಬ ಕೊಲ್ಲುತ್ತದೆ. ಗಾಳಿ ನಿಂತ ರಾತ್ರಿ ತಗ್ಗು ಕೊಲ್ಲುತ್ತದೆ. ಬಂಡೆಗಳ ಮೇಲಿನ ಚಳಿಯೆಲ್ಲ ಇಳಿದು ಬಂದು ಕೆರೆಯ ನೀರಿನ ಹಾಗೆ ಅಲ್ಲಿ ನಿಂತುಬಿಡುತ್ತದೆ. ಮೈತುಂಬ ಉಣ್ಣೆ ಇದ್ದರೆ ಕುರಿ ಎಲ್ಲಿದ್ದರೂ ಬದುಕುತ್ತದೆ. ಉಣ್ಣೆ ಕತ್ತರಿಸಿದ ಹೊಸದರಲ್ಲಿ ತಪ್ಪು ಕಡೆ ಮಲಗಿಸಿದರೆ ಬೆಳಿಗ್ಗೆ ಕಾಲು ಹಿಡಿದು ಎಳೆದುಹಾಕುವುದೇ ಕೆಲಸ. ಸಂಜೆ ಬೀಸುವ ಗಾಳಿ ಎಲ್ಲರ ಮೈಗೂ ಗೊತ್ತಾಗುತ್ತದೆ. ಅದು ನಡುರಾತ್ರಿ ನಿಲ್ಲುತ್ತದೋ ಇಲ್ಲವೋ ಯಾರಿಗೆ ಗೊತ್ತು? ಅದನ್ನು ಸಂಜೆಯೇ ಹೇಳುತ್ತೇನೆ ಎಂದುಕೊಂಡು ಬಂದವಳು ಇವಳು.

ಮೊದಲ ದಿನ ಬಂದಾಗ ಮಧ್ಯಾಹ್ನದ ಬಿಸಿಲು. ತೆಳ್ಳಗಿನ ಹೆಂಗಸು, ತಲೆಗೆ ಗಂಡಸರ ಮಫ್ಲರ್ ಸುತ್ತಿಕೊಂಡಿದ್ದಳು.

“ಬಿಸಿಲಾಗೆ ಯಾಕವ್ವ ಇದು? ಚಳಿ ಅಳೆಯೋಳಿಗೂ ಚಳಿ ಆಗ್ತೈತಾ?” ಎಂದೆ.

“ನನಗೆ ಎಲ್ಲರಿಗಿಂತ ಜಾಸ್ತಿ ಆಗುತ್ತೆ ಅಜ್ಜಿ. ಅದಕ್ಕೇ ಈ ಕೆಲಸಕ್ಕೆ ಸೇರಿದ್ದು.”

ಚಪ್ಪಲಿ ಬದುವಿನ ಮೇಲೆ ಬಿಟ್ಟು ಬರಿಗಾಲಲ್ಲಿ ತಗ್ಗಿಗೆ ಇಳಿದಳು. ಅಂಗಾಲು ಊರಿ ಊರಿ ನಡೆದಳು. ಒಂದು ಕಡೆ ನಿಂತು, ಇಲ್ಲಿ ಕಂಬ ನೆಡಬೇಕು, ಕೊಡ್ತೀರಾ ಅಂದಳು. ಕಂಬಕ್ಕೆ ಎರಡು ಪೆಟ್ಟಿಗೆ. ಒಂದು ಎದೆಯ ಎತ್ತರಕ್ಕೆ, ಇನ್ನೊಂದು ಪಾದದ ಹತ್ತಿರ. ಎರಡು ಯಾಕೆ ಎಂದು ಕೇಳಿದೆ. “ನಮ್ಮ ಲೆಕ್ಕವೆಲ್ಲ ಎದೆ ಎತ್ತರದ ಚಳಿಗೆ ಅಜ್ಜಿ. ನಿಮ್ಮ ಮರಿ ಮಲಗೋದು ನೆಲದಲ್ಲಿ. ಗಾಳಿ ಇಲ್ಲದ ರಾತ್ರಿ ಎದೆಗೂ ಪಾದಕ್ಕೂ ಬಹಳ ವ್ಯತ್ಯಾಸ” ಅಂದಳು. ಅದು ನನಗೆ ಒಪ್ಪಿಗೆಯಾಯಿತು. ಕುರಿ ಉಜ್ಜಿಕೊಂಡು ಕಂಬ ಅಲುಗಾಡಬಾರದೆಂದು ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿಸಿದಳು. ಬೇಲಿ ಹಾಕುವವರ ಕೈ ತಡವಾದರೆ ತಾನೇ ಮುಳ್ಳು ಎಳೆಯುತ್ತಿದ್ದಳು.

ಅವಳ ಕೆಲಸ ಏನೆಂದು ನಮ್ಮ ಹಟ್ಟಿಯವರಿಗೆ ಅರ್ಥವಾಗಲು ಸಮಯ ಹಿಡಿಯಿತು. ದೊಡ್ಡ ಕಂಪ್ಯೂಟರು ನಾಳೆಯ ಗಾಳಿ, ನಾಳೆಯ ಚಳಿ ಲೆಕ್ಕ ಹಾಕಿ ಹೇಳುತ್ತದೆ ಅಂದಳು.

“ನಿನ್ನ ಕಂಪ್ಯೂಟರು ನಮ್ಮ ತಗ್ಗು ನೋಡೈತಾ?”

“ಇಲ್ಲ. ಅದು ಭೂಮಿನ ಚೌಕ ಚೌಕ ಮಾಡ್ಕೊಂಡು ನೋಡುತ್ತೆ. ಒಂದೇ ಚೌಕದೊಳಗೆ ನಿಮ್ಮ ಹಟ್ಟಿ, ದಿಬ್ಬ, ತಗ್ಗು, ಆಚೆ ಊರು ಎಲ್ಲಾ ಬಂದುಬಿಡುತ್ತೆ. ಅಷ್ಟಕ್ಕೂ ಒಂದೇ ಚಳಿ.”

“ಊರಿಗೆಲ್ಲ ಒಂದೇ ಅಳತೆ ರವಿಕೆ ಹೊಲ್ಸಿದಂಗಾತು.”

“ಅದೇ ಅಜ್ಜಿ. ನಿಮ್ಮ ತಗ್ಗಿಗೆ ಬೇರೆ ಅಳತೆ ತಗೊಳ್ಳೋಕೇ ನಾನು ಬಂದಿರೋದು.”

ಇನ್ನೊಂದು ತೊಂದರೆಯನ್ನೂ ಹೇಳಿದಳು. ಗಾಳಿ ಪೂರಾ ನಿಂತ ರಾತ್ರಿ ಹೇಗಿರುತ್ತದೆಂದು ಕಂಪ್ಯೂಟರಿಗೆ ತಿಳಿಯುವುದೇ ಇಲ್ಲವಂತೆ. ತನ್ನ ಲೆಕ್ಕದೊಳಗೆ ಗಾಳಿಯನ್ನು ಸೌಟು ಹಾಕಿ ತಿರುವುತ್ತಲೇ ಇರುತ್ತದಂತೆ. ಮೇಲಿನ ಬೆಚ್ಚನೆ ಗಾಳಿ ಕೆಳಗೆ, ಕೆಳಗಿನ ತಣ್ಣನೆ ಗಾಳಿ ಮೇಲೆ. ಅದಕ್ಕೇ ಇಂಥ ತಗ್ಗಿನ ಚಳಿಯನ್ನು ಅದು ಯಾವಾಗಲೂ ಕಡಿಮೆ ಹೇಳುತ್ತದಂತೆ.

“ನಿನ್ನಂಗೇ ಐತೆ ಬಿಡು. ಸುಮ್ನೆ ಇರಾಕೆ ಬರಂಗಿಲ್ಲ” ಎಂದೆ. ನಕ್ಕಳು. ನಕ್ಕು, ಹೊಗೆ ನೋಡಲು ಹೊರಗೆ ಹೋದಳು.

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಹಿಂದೆ ಅವಳಿಗೆ ಬಾಡಿಗೆ ಕೋಣೆ. ಅವಳ ಬಟ್ಟೆ, ಚೀಲ, ಮಫ್ಲರ್ ಎಲ್ಲದಕ್ಕೂ ಶೇಂಗಾ ಹಿಂಡಿಯ ವಾಸನೆ ಹಿಡಿದಿತ್ತು. ಕುರಿಗಳು ಅವಳ ಬೆನ್ನು ಹತ್ತುತ್ತಿದ್ದವು. ಓದಿದ ಹೆಂಗಸು ಕೈಯಲ್ಲಿ ಯಂತ್ರ ಹಿಡಿದು ಮುಂದೆ, ಸೆರಗು ಚೀಪುವುದಕ್ಕೆ ಟಗರು ಹಿಂದೆ. ನನ್ನ ಮೈದುನ ಕೆಂಚಪ್ಪ ಅದನ್ನು ನೋಡಿ, “ಅತ್ತಿಗೆ, ನಮ್ಮ ಮಂದೆ ಮೇಯ್ಸಾಕೆ ಇನ್ನು ನಾನು ಬ್ಯಾಡ, ಇವರೇ ಸಾಕು” ಎಂದು ಹಟ್ಟಿಯೆಲ್ಲ ನಗಿಸಿದ್ದ. ಕೆಂಚಪ್ಪ ಆಗ ನಗುತ್ತಿದ್ದ. ಭಾಗವಾದ ಮೇಲೆ ಅವನ ಮಂದೆ ಬೇರೆ, ನಮ್ಮದು ಬೇರೆ. ಹೊಲ ಮಾತ್ರ ಪಕ್ಕಪಕ್ಕ. ತಗ್ಗಿನ ಈ ತುದಿ ನಮ್ಮದು, ಆ ತುದಿ ಅವನದು.

ಅವಳ ಚೀಲದಲ್ಲಿ ಸದಾ ಊದಿನಕಡ್ಡಿಯ ಕಟ್ಟು ಇರುತ್ತಿತ್ತು. ಹೊತ್ತು ಮುಳುಗುವಾಗ ಬದುವಿನ ಮೇಲೆ ಒಂದು ಕಡ್ಡಿ ಹಚ್ಚಿ ಸಿಕ್ಕಿಸಿ, ಕೈಕಟ್ಟಿ ನಿಲ್ಲುತ್ತಿದ್ದಳು. ಹಟ್ಟಿಯ ಹೆಂಗಸರು ಅವಳಿಗೆ ಬಹಳ ದೈವಭಕ್ತಿ ಎಂದುಕೊಂಡರು. ಒಬ್ಬಳು ಹೋಗಿ ಪಕ್ಕದಲ್ಲಿ ತೆಂಗಿನಕಾಯಿ ಒಡೆದಳು. ಅವಳು ನೋಡುತ್ತಿದ್ದದ್ದು ಹೊಗೆಯನ್ನು. ಹೊಗೆ ಮೇಲೆ ಹೋಗದೆ ಬದುವಿನಿಂದ ಕೆಳಗಿಳಿದು ತಗ್ಗಿನ ಕಡೆ ಹಾವಿನ ಹಾಗೆ ಹರಿದರೆ ಚಳಿ ಇಳಿಯತೊಡಗಿದೆ ಎಂದು ಅರ್ಥವಂತೆ. ಆ ಹೆಂಗಸಿಗೆ ಇದನ್ನು ತಿಳಿಸಿ ಹೇಳಿದಳು. ಆಮೇಲೆ ಕಾಯಿಯ ಹೋಳನ್ನೂ ತಿಂದಳು.

ಒಮ್ಮೆ ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಸಿದ್ದಾಪುರದ ಕಡೆ ಹೋದಳು. ಅಲ್ಲಿಯೂ ಅವಳದೊಂದು ಕಂಬ ಇತ್ತು. ಅಷ್ಟು ದೂರ ಬಂದ ಮೇಲೆ ಜಟಿಂಗ ರಾಮೇಶ್ವರಕ್ಕೆ ಹೋಗಿ ಬರೋಣವೆಂದೆ. ಮೆಟ್ಟಿಲು ಹತ್ತುವಾಗ ನನಗೆ ಉಸಿರು ಸಿಗುತ್ತಿರಲಿಲ್ಲ. ಅವಳು ಹತ್ತಿ ಹತ್ತಿ ಹಿಂದಕ್ಕೆ ಇಳಿದು ಬಂದು, ಏನಾಯ್ತು ಅಜ್ಜಿ ಅನ್ನುವಳು, ಮತ್ತೆ ಹತ್ತುವಳು. ನಾನು ಒಂದು ಸಲ ಹತ್ತುವಷ್ಟರಲ್ಲಿ ಅವಳು ಎರಡು ಸಲ ಹತ್ತಿದ್ದಳು. ಮೇಲೆ ಹೋದಮೇಲೆ ಗುಡಿಗೆ ಬೆನ್ನು ಹಾಕಿ ನಿಂತು, ಯಾವ ಬಂಡೆಯಿಂದ ಯಾವ ಹಳ್ಳಕ್ಕೆ ಚಳಿ ಇಳಿಯುತ್ತದೆಂದು ಬೆರಳಲ್ಲಿ ಗೆರೆ ಎಳೆದಳು.

“ಇಷ್ಟು ದೂರ ಹತ್ತಿ ದೇವರ ಮುಖ ನೋಡ್ದೆ ಹೋಗಾಕಿ ನೀನೊಬ್ಬಳೇ” ಎಂದೆ.

“ನೋಡಿದೆ ಅಜ್ಜಿ. ನೀವು ಮೆಟ್ಟಿಲ ಮೇಲೆ ಇದ್ರಲ್ಲ, ಆಗ.”

ಅವಳ ಬಾಯಲ್ಲಿ ನನಗೆ ಸೇರದ ಮಾತು ಒಂದಿತ್ತು. ಇರಬಹುದು. ಚಳಿ ಹೆಚ್ಚಬಹುದು, ಗಾಳಿ ನಿಲ್ಲಬಹುದು. ಇಂಥ ಸಂಜೆ ಹತ್ತು ಬಂದರೆ ಅದರಲ್ಲಿ ಏಳು ಸಲ ಹೀಗಾಗಬಹುದು. ಕೇಳಿ ಕೇಳಿ ನನಗೆ ರೇಗುತ್ತಿತ್ತು.

“ಇರಬಹುದು ಅನ್ನೋದ್ನ ಹೊದ್ಕಂಡ್ರೆ ಕುರಿಗೆ ಬೆಚ್ಚಗಾಗ್ತೈತಾ? ತಗ್ಗೋ ದಿಬ್ಬವೋ, ಒಂದು ಹೇಳು.”

“ಒಂದೇ ಹೇಳಿದ್ರೆ ಸುಳ್ಳು ಹೇಳಿದಂಗಾಗುತ್ತೆ.”

“ನನ್ನ ಮಂದೆ ಒಂದೇ ಕಡೆ ಮಲಗಬೇಕಲ್ಲ. ಏಳು ಕುರಿ ದಿಬ್ಬಕ್ಕೆ, ಮೂರು ಕುರಿ ತಗ್ಗಿಗೆ ಕಳಿಸ್ಲಾ?”

ಅವಳು ಅಂಗಳದಲ್ಲಿ ನಾಲ್ಕು ಸುತ್ತು ಓಡಾಡಿದಳು. ಮುಂದೆ ಫೋನಿನಲ್ಲಿ ಸುದ್ದಿ ಕಳಿಸತೊಡಗಿದಾಗ, ಬಹುದು ಬಹುದು ಎಂದೆಲ್ಲ ಹೇಳಿ ಮುಗಿಸಿದ ಮೇಲೆ ಕೊನೆಗೆ ಒಂದೇ ಮಾತು ಸೇರಿಸುತ್ತಿದ್ದಳು. “ಇವತ್ತು ತಗ್ಗು.” ಅಥವಾ, “ಇವತ್ತು ದಿಬ್ಬ.” ಆ ಮಾತು ಹೇಳುವಾಗ ಅವಳ ದನಿ ಸಣ್ಣದಾಗುತ್ತಿತ್ತು.

ಮೊದಲ ಚಳಿಗಾಲವೆಲ್ಲ ಕಂಬ ಚಳಿ ಅಳೆಯಿತು. ಆ ಅಳತೆ ಇಟ್ಟುಕೊಂಡು ಕಂಪ್ಯೂಟರು ಹೇಳುವುದನ್ನು ನಮ್ಮ ತಗ್ಗಿಗೆ ತಕ್ಕಂತೆ ತಿದ್ದಿದಳು. ಎರಡನೆಯ ಚಳಿಗಾಲದಲ್ಲಿ ಸುದ್ದಿ ಬರತೊಡಗಿತು. ಹೊತ್ತು ಮುಳುಗುವ ಮುಂಚೆ ಅವಳ ದನಿಯಲ್ಲೇ. ನನ್ನ ಸೊಸೆ ಫೋನನ್ನು ಕಟ್ಟೆಯ ಮೇಲೆ ಇಟ್ಟು ದೊಡ್ಡದಾಗಿ ಹಾಕುತ್ತಿದ್ದಳು, ನಾಲ್ಕು ಮನೆಯವರು ನಿಂತು ಕೇಳುತ್ತಿದ್ದರು. ಗಾಳಿ ನಿಲ್ಲುತ್ತದೆ ಅಂದ ರಾತ್ರಿ ಗಾಳಿ ನಿಲ್ಲುತ್ತಿತ್ತು. ನನ್ನ ಮನೆಯ ಮಾಡಿನ ತಗಡು ಒಂದು ಕಡೆ ಸಡಿಲ. ಗಾಳಿ ಇರುವವರೆಗೆ ಬಡಿಯುತ್ತದೆ, ನಿಂತರೆ ಸುಮ್ಮನಾಗುತ್ತದೆ. ಅವಳ ಮಾತು ನಿಜವಾಯಿತೋ ಇಲ್ಲವೋ ನನಗೆ ಹಾಸಿಗೆಯಲ್ಲೇ ತಿಳಿಯುತ್ತಿತ್ತು. ಜನಕ್ಕೆ ನಂಬಿಕೆ ಬಂತು.

ಆ ವರ್ಷ ಉಣ್ಣೆ ಕತ್ತರಿಸುವವರು ರಾಯದುರ್ಗದ ಕಡೆಯಿಂದ ತಡವಾಗಿ ಬಂದರು. “ಏಮವ್ವಾ, ಕತ್ತಿರಿಂಚೇದಾ, ಲೇದಾ?” ಎಂದು ಅವರ ಹಿರಿಯ ಬಾಗಿಲಲ್ಲಿ ನಿಂತು ತೆಲುಗಿನಲ್ಲಿ ಕೇಳಿದ, ಕತ್ತರಿಸೋದೋ ಬೇಡವೋ ಅಂತ. ಚಳಿ ಬಿದ್ದಾಗಿದೆ, ಬೇಡ ಹೋಗಪ್ಪ ಎಂದೆ ನಾನು. ಕೆಂಚಪ್ಪ ಕತ್ತರಿಸಿದ. ಮೇಡಂನೋರ ಸುದ್ದಿ ಇದೆಯಲ್ಲ, ನೋಡಿಕೊಂಡು ಮಲಗಿಸಿದರಾಯಿತು ಎಂದ.

ಅವತ್ತಿನ ಸಂಜೆ ಸುದ್ದಿ ಬಂತು. ಗಾಳಿ ನಡುರಾತ್ರಿ ನಿಲ್ಲಬಹುದು. ಆದರೆ ತಗ್ಗಿಗೂ ದಿಬ್ಬಕ್ಕೂ ಹೆಚ್ಚು ವ್ಯತ್ಯಾಸ ಇರಲಿಕ್ಕಿಲ್ಲ. ಇವತ್ತು ತಗ್ಗು.

ಕೆಂಚಪ್ಪ ತಗ್ಗಿನ ತನ್ನ ತುದಿಯಲ್ಲಿ ಮಂದೆ ಮಲಗಿಸಿದ. ಗಾಳಿ ನಿಂತಿತು. ಬೆಳಿಗ್ಗೆ ನಾನು ಹೋಗಿ ನೋಡಿದಾಗ ಅವನು ಸತ್ತವನ್ನು ಬದುವಿನ ಮೇಲೆ ಸಾಲಾಗಿ ಎಳೆದುಹಾಕುತ್ತಿದ್ದ. ಕತ್ತರಿಸಿದ ಮೈ, ಕತ್ತರಿಯ ಗೆರೆ ಇನ್ನೂ ಹಾಗೇ ಇತ್ತು. ಎಷ್ಟು ಎಂದು ನಾನು ಎಣಿಸಲಿಲ್ಲ. ಎಣಿಸಿದ್ದರೆ ಅವನು ನನ್ನನ್ನು ಹೊಡೆಯುತ್ತಿದ್ದ. ನಮ್ಮವು ಉಣ್ಣೆ ಹೊತ್ತಿದ್ದವು, ಅದೇ ತಗ್ಗಿನ ಈ ತುದಿಯಲ್ಲಿ ಮೆಲುಕು ಹಾಕುತ್ತಿದ್ದವು.

ಅವಳು ಓಡಿ ಬಂದಳು. ಅವಳ ಆಫೀಸಿನವರೂ ಇಬ್ಬರು ಬಂದರು. ಕಂಬದ ಅಳತೆ ತೆಗೆದು ನೋಡಿದರು. ರಾತ್ರಿ ಅಷ್ಟೊಂದು ಚಳಿಯೇ ಇರಲಿಲ್ಲ ಎಂದು ಕಂಬ ಹೇಳಿತು. ಹಾಗಾದರೆ ಯಾವುದೋ ರೋಗ ಇರಬೇಕು ಎಂದು ಹೇಳಿ ಅವರು ಜೀಪು ಹತ್ತಿದರು. ಅವಳು ಹತ್ತಲಿಲ್ಲ.

“ರೋಗ ಅಂತ ನಿಂಗೂ ಅನ್ನಿಸ್ತೈತಾ?” ಎಂದೆ.

“ಇರಬಹುದು” ಅಂದಳು. ಆಮೇಲೆ, “ಅಲ್ಲ” ಅಂದಳು.

ಅದಾದ ಮೇಲೆ ಒಂದು ವಾರವೋ ಹೆಚ್ಚೋ, ಅವಳು ಮನುಷ್ಯಳ ಹಾಗೆ ಇರಲಿಲ್ಲ. ಬೆಳಿಗ್ಗೆ ಬರುವುದು, ತಗ್ಗಿನ ಉದ್ದಕ್ಕೂ ನಡೆಯುವುದು, ಕಂಬದ ಪೆಟ್ಟಿಗೆ ಬಿಚ್ಚುವುದು, ಮುಚ್ಚುವುದು. ಬೇರೆ ಎಲ್ಲ ಕಂಬಗಳ ಜೊತೆ ಕಂಪ್ಯೂಟರಿನ ಲೆಕ್ಕ ಹೊಂದುತ್ತಿತ್ತಂತೆ, ಇಲ್ಲಿ ಮಾತ್ರ ಏನೋ ಕೊಸರುತ್ತಿದೆ ಅಂದಳು. ಊಟಕ್ಕೆ ಕರೆದರೆ ಬರುತ್ತೇನೆ ಎನ್ನುವಳು, ಬರುತ್ತಿರಲಿಲ್ಲ. ಕೆಂಚಪ್ಪ ತನ್ನ ಹೊಲದಿಂದ ನೋಡುತ್ತಿದ್ದ.

ಒಂದು ಬೆಳಿಗ್ಗೆ ನಾನು ಕಸ ಗುಡಿಸುತ್ತಿರುವಾಗ ಬಂದು ಪೊರಕೆ ಹಿಡಿದ ನನ್ನ ಕೈಯನ್ನೇ ಹಿಡಿದಳು.

“ಅಜ್ಜಿ, ಸೋಮವಾರ ಈ ತಗ್ಗಲ್ಲಿ ಏನು ಮಾಡ್ತೀರಿ?”

“ಏನೂ ಮಾಡಂಗಿಲ್ಲ.”

“ಯೋಚಿಸಿ ಹೇಳಿ. ಹೋದ ಚಳಿಗಾಲ ಪೂರ್ತಿ, ಈ ಚಳಿಗಾಲ ಇಲ್ಲಿವರೆಗೆ, ಸೋಮವಾರ ರಾತ್ರಿ ಮಾತ್ರ ಈ ಕಂಬಕ್ಕೆ ಚಳಿ ಜಾಸ್ತಿ. ಒಂದು ಸೋಮವಾರ ಆದ್ರೆ ಸರಿ. ಎಲ್ಲಾ ಸೋಮವಾರನೂ? ಮೋಡಕ್ಕೆ ವಾರ ಗೊತ್ತಿಲ್ಲ. ಗಾಳಿಗೆ ಗೊತ್ತಿಲ್ಲ.”

“ಕುರಿಗೆ ಗೊತ್ತು” ಎಂದೆ.

ಸೋಮವಾರ ನಮ್ಮ ಮನೆದೇವರ ವಾರ. ಅವತ್ತು ನಮ್ಮ ಮಂದೆ ಹೊಲದಲ್ಲಿ ಮಲಗುವಂತಿಲ್ಲ. ಸಂಜೆ ಹಟ್ಟಿಗೆ ಬರಬೇಕು, ಮುಂದೆ ನಡೆಯುವ ಟಗರಿಗೆ ಭಂಡಾರದ ಅರಿಶಿನ ಹಚ್ಚಬೇಕು, ರಾತ್ರಿ ದೊಡ್ಡಿಯಲ್ಲೇ ಮಲಗಿ ಮಂಗಳವಾರ ಹೊರಡಬೇಕು. ನನ್ನ ಅತ್ತೆಯ ಕಾಲಕ್ಕೂ ಮುಂಚಿನ ನಡಾವಳಿ. ಇಷ್ಟು ಹೇಳಿದೆ.

“ಮತ್ತೆ ಉಳಿದ ದಿನ?”

“ಉಣ್ಣೆ ಇರೋವಾಗ ಉಳಿದ ದಿನ ತಗ್ಗಾಗೇ, ನಿನ್ನ ಬೇಲಿಗೆ ಒರಗಿ ಮಲಗ್ತಾವೆ.”

ಅದರಲ್ಲಿ ಗುಟ್ಟೇನೂ ಇರಲಿಲ್ಲ. ಮಂದೆ ಮಲಗಿಸಲು ಸುತ್ತ ಬಲೆ ಕಟ್ಟಬೇಕು, ಒಂದು ಕಡೆ ಆಸರೆ ಸಿಕ್ಕರೆ ಅಷ್ಟು ಬಲೆ ಉಳಿಯುತ್ತದೆ. ಗಟ್ಟಿ ಮುಳ್ಳುಬೇಲಿ ಕಣ್ಣಿಗೆ ಬಿದ್ದರೆ ಕುರಿಯವನು ಬಿಡುತ್ತಾನಾ? ಕಂಬವನ್ನು ನಡುವೆ ಬಿಟ್ಟು, ಬೇಲಿಯ ಸುತ್ತ ಒತ್ತೊತ್ತಾಗಿ ಮಲಗಿಸುತ್ತಿದ್ದರು. ಬೆಳಿಗ್ಗೆ ಬಲೆ ಬಿಚ್ಚಿ ಹೊರಟರೆ ಹಿಕ್ಕೆ ಬಿಟ್ಟು ಮತ್ತೇನೂ ಉಳಿಯುತ್ತಿರಲಿಲ್ಲ. ಹಿಕ್ಕೆ ಈ ಸೀಮೆಯ ಎಲ್ಲ ಹೊಲದಲ್ಲೂ ಇರುತ್ತದೆ. ಅವಳು ಬರುತ್ತಿದ್ದದ್ದು ಹಗಲು, ಮಂದೆ ಮಲಗುವ ಮೊದಲೇ ಜೀಪು ಹತ್ತುತ್ತಿದ್ದಳು. ಅವಳ ಕಂಬ ಇಷ್ಟು ದಿನ ಅಳೆದದ್ದು ತಗ್ಗಿನ ಚಳಿಯನ್ನಲ್ಲ, ನನ್ನ ಕುರಿಗಳ ಮೈಶಾಖವನ್ನು.

ಆಗ ಕೂತಳು. ಅಂಗಳದಲ್ಲಿ, ಗುಡಿಸಿದ ಕಸದ ಪಕ್ಕದಲ್ಲೇ, ಕಾಲು ಚಾಚಿ ಕೂತಳು. ನಾನು ಅವಳಿಗೆ ಎಚ್ಚರ ತಪ್ಪಿತೆಂದುಕೊಂಡು ನೀರು ತಂದೆ. ಕುಡಿಯಲಿಲ್ಲ.

“ನೀವು ಯಾರೂ ಹೇಳಲೇ ಇಲ್ಲ ಅಜ್ಜಿ.”

“ನೀನು ಕೇಳ್ಲೇ ಇಲ್ಲ. ಕುರಿಯೋರ ಹೊಲಕ್ಕೆ ಬಂದು, ಕುರಿ ಎಲ್ಲಿ ಮಲಗ್ತಾವೆ ಅಂತ ಕೇಳ್ದೋಳಲ್ಲ.”

“ಹೌದು” ಅಂದಳು. “ಬೇಲಿ ಹಾಕಿಸಿದ್ದೂ ನಾನೇ.”

ಅವಳು ಅಲ್ಲಿಗೇ ಬಿಡಬಹುದಾಗಿತ್ತು. ರೋಗ ಎಂದು ಆಫೀಸಿನವರೇ ಹೇಳಿ ಹೋಗಿದ್ದರು. ಕೆಂಚಪ್ಪನೂ ಅರ್ಧ ನಂಬಿದ್ದ. ಉಳಿದವಕ್ಕೆ ಸೂಜಿ ಹಾಕಿಸಿದ್ದ. ಅವಳು ಎದ್ದು ಸೀರೆಯ ಕಸ ಕೊಡವಿಕೊಂಡು ನೇರ ಅವನ ಮನೆಗೆ ಹೋದಳು. ನಾನೂ ಹಿಂದೆ ಹೋದೆ. ಅವನು ಕೈ ಮಾಡಿದರೆ ತಡೆಯಲು ಒಬ್ಬರು ಬೇಕಲ್ಲ.

ನಿಂತೇ ಹೇಳಿದಳು. ರೋಗ ಅಲ್ಲ, ಚಳಿ. ಸುದ್ದಿ ತಪ್ಪಾಗಿತ್ತು. ತಪ್ಪು ಯಾಕಾಯಿತೆಂದರೆ ಹೀಗೆ. ಸುತ್ತಿ ಬಳಸಲಿಲ್ಲ. ಅವತ್ತು ಮಾತ್ರ ಒಂದು ‘ಬಹುದು’ ಕೂಡ ಬರಲಿಲ್ಲ ಅವಳ ಬಾಯಲ್ಲಿ.

ಕೆಂಚಪ್ಪ ಹಗ್ಗ ಹೊಸೆಯುತ್ತಿದ್ದ. ಹೊಸೆಯುತ್ತಲೇ ಕೇಳಿದ, “ಈಗ ಸತ್ತವನ್ನ ಎಬ್ಬುಸ್ತೀರಾ ಮೇಡಂನೋರೇ?”

“ಇಲ್ಲ.”

“ಮತ್ಯಾಕ್ ಬಂದ್ರಿ?”

“ನಿಮಗೆ ಗೊತ್ತಿರಲಿ ಅಂತ.”

“ಗೊತ್ತಾತು. ಇನ್ನು ನನ್ನ ಫೋನಿಗೆ ನಿಮ್ಮ ಸುದ್ದಿ ಬರಬಾರ್ದು. ನನ್ನ ಕಣ್ಣಿದ್ರಿಗೆ ಬರಬ್ಯಾಡ್ರಿ.”

ಅವನ ನಂಬರನ್ನು ಅಲ್ಲೇ ನಿಂತು ತೆಗೆದಳು. ಹೊರಗೆ ಬಂದಮೇಲೆ ನನಗೆ ಹೇಳಿದಳು: “ಅವರು ಯಾವತ್ತಾದ್ರೂ ನಿಮ್ಮನ್ನ ಕೇಳಿದ್ರೆ ಅವತ್ತಿನ ಸುದ್ದಿ ಹೇಳಿ ಅಜ್ಜಿ. ಕೇಳದೆ ಹೇಳಬೇಡಿ.” ಅವನು ಕೇಳಲಿಲ್ಲ. ಆ ಚಳಿಗಾಲವೂ ಕೇಳಲಿಲ್ಲ, ಮುಂದಿನದರಲ್ಲೂ ಕೇಳಲಿಲ್ಲ. ಸಂಜೆ ನಮ್ಮ ಕಟ್ಟೆಯ ಮೇಲೆ ಫೋನು ಮಾತಾಡಿದರೆ ಅವನು ದಾರಿ ಬಿಟ್ಟು ಹಿತ್ತಲಿನಿಂದ ಹೋಗುತ್ತಿದ್ದ.

ಉಳಿದ ಚಳಿಗಾಲಕ್ಕೆ ಅವಳ ಹತ್ತಿರ ಇದ್ದ ನಿಜವಾದ ಅಳತೆ ಎಂದರೆ ಸೋಮವಾರಗಳು ಮಾತ್ರ. ಬೇರೆ ರಾತ್ರಿಗಳನ್ನೆಲ್ಲ ಎತ್ತಿ ಬಿಸಾಡಿ, ಆ ಸೋಮವಾರಗಳ ಮೇಲೆ ಲೆಕ್ಕವನ್ನು ಮತ್ತೆ ಕಟ್ಟಿದಳು. “ನಿಮ್ಮ ದೇವರು ಉಳಿಸಿಕೊಟ್ಟಿದ್ದು ಇಷ್ಟು” ಅಂದಳು. 

“ಅವನು ಕುರಿನೂ ಉಳಿಸಬೋದಿತ್ತು” ಎಂದೆ.

ಆಮೇಲೆ ನನ್ನ ಹತ್ತಿರ ಒಂದು ಕೇಳಿದಳು. ಮುಂದಿನ ಒಂದು ಚಳಿಗಾಲ ತಗ್ಗಿನ ನಮ್ಮ ತುದಿಯನ್ನು ಪೂರಾ ಖಾಲಿ ಬಿಡಬೇಕು. ಕಂಬದ ಹತ್ತಿರ ಒಂದು ಮರಿಯೂ ಮಲಗಬಾರದು.

“ಹೊಲಕ್ಕೆ ಗೊಬ್ಬರ ನೀನು ಹಾಕ್ತೀಯಾ?”

ಅವಳು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಾ ನಿಂತಳು. ನಾನು ಒಪ್ಪಿದೆ. ಅವಳ ಮುಖ ನೋಡಿ ಅಲ್ಲ. ನನಗೂ ಕುರಿಗಳಿವೆ, ನನಗೂ ಸಂಜೆಯಾಗುತ್ತದೆ. ಒಂದು ದಿನ ಜೀಪಿನಿಂದ ಒಂದು ಚೀಲ ಹಿಂಡಿ ಇಳಿಸಿ, ಹೊಲಕ್ಕೆ ಹಾಕಿಸಿ ಅಂದಳು. ನಾನು ಕುರಿಗೆ ಹಾಕಿದೆ. ಅವಳಿಗೂ ಗೊತ್ತಾಯಿತು. ತಗ್ಗಿನ ಶೇಂಗಾ ಆ ವರ್ಷ ಬಡಕಲಾಯಿತು. ಮಗ ಒಂದು ತಿಂಗಳು ಗೊಣಗಿದ.

ಆ ಖಾಲಿ ಚಳಿಗಾಲದಲ್ಲಿ ಅವಳು ಬಹಳ ಸಲ ಬಂದಳು. ಸುದ್ದಿ ಎಲ್ಲವೂ ಸರಿಯಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ತಗ್ಗು ಎಂದ ದಿನ ಮಂದೆಯನ್ನು ಕಂಬದಿಂದ ದೂರ, ಬೇರೆಯವರ ತಗ್ಗಿನ ಹೊಲದಲ್ಲಿ ಮಲಗಿಸುತ್ತಿದ್ದೆವು. ಒಂದು ಸಂಜೆ ದಿಬ್ಬ ಎಂದಳು, ಮಂದೆಯನ್ನು ಮೇಲೆ ಮಲಗಿಸಿದೆವು, ಗಾಳಿ ಬೆಳಗಿನವರೆಗೂ ಬಡಿಯಿತು. ಏನೂ ಸಾಯಲಿಲ್ಲ, ಆದರೆ ಮಂದೆಯ ಜೊತೆ ಮಲಗಿದ್ದ ಮಗ ಬೆಳಿಗ್ಗೆ ಬಂದು ಬೈದ. ಅವಳು ಬಂದಾಗ, “ನಿನ್ನ ಹತ್ತರಾಗಿನ ಮೂರು ಇವತ್ತು ಬಂತೇನವ್ವ?” ಎಂದೆ. “ಬಂತಜ್ಜಿ” ಅಂದಳು. ಕಣ್ಣು ಕೆಳಗಿತ್ತು. ರಾತ್ರಿಯೆಲ್ಲ ಚಳ್ಳಕೆರೆಯ ಕೋಣೆಯಲ್ಲಿ ನಿದ್ದೆ ಮಾಡದೆ ಗಾಳಿ ನಿಲ್ಲಲಿ ಎಂದು ಕಾದಿದ್ದಳಂತೆ. ಚಳಿ ಬೀಳಲಿ ಎಂದು ಕಾಯುವ ಹೆಂಗಸನ್ನು ನಾನು ಬೇರೆಲ್ಲೂ ನೋಡಿಲ್ಲ.

ಕೊನೆಯ ಸಲ ಬಂದಾಗ ಶಿವರಾತ್ರಿ ಹತ್ತಿರ ಬಂದಿತ್ತು. ಮುಖ ಬಿಳಿಚಿಕೊಂಡಿತ್ತು, ಮಫ್ಲರ್ ಎರಡು ಸುತ್ತು ಹೆಚ್ಚಾಗಿತ್ತು. ಸರಿಯಾಗಿ ಉಣ್ಣು ಎಂದು ಬೈದೆ. ತಿನ್ನುತ್ತೇನೆ ಅಂದಳು. ಬದುವಿನ ಮೇಲೆ ಕಡ್ಡಿ ಹಚ್ಚಿದಳು. ಹೊಗೆ ಮೇಲೇಳಲಿಲ್ಲ. ಬದುವಿನಿಂದ ಜಾರಿ, ಕಟಾವಾದ ಹೊಲದ ಮೇಲೆ ಮಂಡಿಯಷ್ಟೂ ಎತ್ತರ ಏರದೆ ಹರಿಯಿತು, ಕಂಬದ ಬುಡಕ್ಕೆ ಹೋಗಿ ನಿಂತಿತು. ಅವಳು ಅದನ್ನು ನೋಡುತ್ತಾ ನಿಂತಿದ್ದಳು, ಅಲುಗಾಡಲಿಲ್ಲ. ಆಚೆ ತುದಿಯಲ್ಲಿ ಕೆಂಚಪ್ಪ ಮಂದೆ ತಿರುಗಿಸುತ್ತಿದ್ದ. ಅವನೂ ಒಂದು ಗಳಿಗೆ ಹೊಗೆಯನ್ನು ನೋಡಿದ. ಆಮೇಲೆ ಬೆನ್ನು ಹಾಕಿದ.

ಡ್ರೈವರ್ ಬ್ಯಾಟರಿ ಹಾಕಿ ಹೋದ ಮೇಲೆ ಸುದ್ದಿ ಮತ್ತೆ ಬರತೊಡಗಿದೆ. ಈಗ ಯಾವನೋ ಹುಡುಗನ ದನಿ. ಬೇಗ ಬೇಗ ಓದುತ್ತಾನೆ, ಕೊನೆಗೆ ತಗ್ಗು ಅಥವಾ ದಿಬ್ಬ ಎನ್ನುತ್ತಾನೆ. ಅಷ್ಟನ್ನು ಬಿಟ್ಟಿಲ್ಲ. ಮೊದಲ ದಿನವೇ ಸೊಸೆಯ ಕೈಲಿ ಅವನಿಗೆ ಫೋನು ಮಾಡಿಸಿದೆ. ಇದು ಯಾರ ಲೆಕ್ಕಪ್ಪ, ನಿನ್ನದಾ ಎಂದು ಕೇಳಿದೆ. ಅಲ್ಲ ಅಜ್ಜಿ, ಮೇಡಂ ಮಾಡಿಟ್ಟಿದ್ದೇ, ಖಾಲಿ ಚಳಿಗಾಲದ್ದು ಎಂದ. ಅವನಿಗೂ ಅದರ ಹೆಸರು ಹಾಗೇ ಗೊತ್ತಿದೆ.

ಹೋದ ವಾರ ಕತ್ತರಿಸುವವರು ಬಂದಿದ್ದರು. ಈ ಸಲ ನಾನೂ ಕತ್ತರಿಸಿದೆ, ಕೆಂಚಪ್ಪನೂ ಕತ್ತರಿಸಿದ. ಎರಡು ದಿನ ಮಂದೆ ದೊಡ್ಡಿಯಲ್ಲಿತ್ತು. ಮೇವು ತೀರಿತು, ಹೊಲಕ್ಕೂ ಗೊಬ್ಬರ ಬೇಕಿತ್ತು, ಹೊರಗೆ ಮಲಗಿಸಲೇಬೇಕಾಯಿತು. ಅವತ್ತು ಮಧ್ಯಾಹ್ನದಿಂದ ಗಾಳಿ. ಗುಡ್ಡದ ಗಾಳಿಯಂತ್ರಗಳು ಹುಚ್ಚು ಹಿಡಿದ ಹಾಗೆ ತಿರುಗುತ್ತಿದ್ದವು, ಒಲೆಯ ಹೊಗೆ ಹೊರಗೆ ಬಂದ ಕೂಡಲೇ ಹರಿದುಹೋಗುತ್ತಿತ್ತು. ನಾನು ಒಳಗೆ ಬಂದೆ, ಹೊರಗೆ ಹೋದೆ. ಸುದ್ದಿ ಬಂತು. ಗಾಳಿ ನಡುರಾತ್ರಿಯ ಹೊತ್ತಿಗೆ ನಿಲ್ಲಬಹುದು. ತಗ್ಗಿನಲ್ಲಿ ನೆಲದ ಚಳಿ ಬಹಳ ಹೆಚ್ಚಬಹುದು. ಇವತ್ತು ದಿಬ್ಬ.

ಆ ಗಾಳಿಯಲ್ಲಿ ಕತ್ತರಿಸಿದ ಕುರಿಯನ್ನು ದಿಬ್ಬಕ್ಕೆ ಹತ್ತಿಸು ಎಂದರೆ ಯಾರೂ ಕೇಳುವ ಮಾತಲ್ಲ. ಮಗ ನನ್ನ ಮುಖ ನೋಡಿದ. ಹತ್ತಿಸು ಎಂದೆ. ಗೊಣಗುತ್ತಾ ಹೋದ. ಹಿಂದಕ್ಕೆ ಕರೆಯೋಣವೆಂದು ನಾನು ಬದುವಿನವರೆಗೂ ಹೋದೆ. ಅಲ್ಲಿ ಕೆಂಚಪ್ಪ ನಿಂತಿದ್ದ. ತಗ್ಗಿನಲ್ಲಿ ಅವನ ಬಲೆ ಕಟ್ಟಿ ಆಗಿತ್ತು, ಮಂದೆ ಇನ್ನೂ ಒಳಗೆ ಹೋಗಿರಲಿಲ್ಲ. ನನ್ನ ಮಂದೆ ಮೇಲೆ ಹತ್ತುವುದನ್ನು ನೋಡುತ್ತಿದ್ದ. ಪಂಚೆ ಗಾಳಿಗೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು.

“ಅತ್ತಿಗೆ” ಎಂದ. “ಏನಂತೆ?”

“ದಿಬ್ಬ ಅಂತೆ.”

“ಈ ಗಾಳಿಗೆ?”

“ನಡುರಾತ್ರಿ ನಿಂತೀತು ಅಂತೆ.”

“ನಿಲ್ದಿದ್ರೆ?”

“ನಂಗೇನು ಗೊತ್ತಲೇ. ಕೇಳಿದ್ರೆ ಹೇಳು ಅಂದಿದ್ಲು, ಹೇಳ್ದೆ.”

ಯಾರು ಎಂದು ಕೇಳಲಿಲ್ಲ. ಒಮ್ಮೆ ಕಂಬದ ಕಡೆ ನೋಡಿದ, ಒಮ್ಮೆ ಅಂದು ಸತ್ತವನ್ನು ಹಾಕಿದ್ದ ಬದುವಿನ ಕಡೆ ನೋಡಿದ. ಆಮೇಲೆ ತಗ್ಗಿಗೆ ಇಳಿದು, ಕಟ್ಟಿದ ಬಲೆಯ ಗೂಟ ಒಂದೊಂದಾಗಿ ಕಿತ್ತ. ಬಲೆ ಹೆಗಲಿಗೆ ಹಾಕಿಕೊಂಡು, ಬಾಯಲ್ಲಿ ಶಬ್ದ ಮಾಡುತ್ತಾ ಮಂದೆಯನ್ನು ದಿಬ್ಬದ ಕಡೆ ತಿರುಗಿಸಿದ.

ರಾತ್ರಿ ನನಗೆ ನಿದ್ದೆ ಇಲ್ಲ. ತಗಡು ಬಡಿಯುತ್ತಿತ್ತು. ಎರಡು ಮನೆಯ ಬರಿಮೈ ಕುರಿಗಳು ಮೇಲೆ ಗಾಳಿಯಲ್ಲಿವೆ, ನನ್ನ ಒಂದು ಮಾತಿನ ಮೇಲೆ. ನನ್ನ ಮಾತೂ ಅಲ್ಲ, ಸತ್ತವಳ ಮಾತು. ಎದ್ದು ಕೂತೆ, ಮಲಗಿದೆ, ಮತ್ತೆ ಎದ್ದೆ. ತಗಡು ಬಡಿಯುತ್ತಲೇ ಇತ್ತು. ಬಡಿದು ಬಡಿದು, ಒಂದು ಸಲ ಬಿಟ್ಟು ಬಡಿಯಿತು. ಕಿವಿಗೊಟ್ಟು ಕೂತೆ. ಇನ್ನೊಂದು ಸಲ ಮೆಲ್ಲಗೆ ಬಡಿದು ಸುಮ್ಮನಾಯಿತು.

ನಾಯಿಯೂ ಬೊಗಳದಷ್ಟು ಸುಮ್ಮನಾಯಿತು. ಬಾಗಿಲ ಸಂದಿಯಿಂದ ಚಳಿ ನೆಲದ ಮೇಲೆ ಹರಿದು ಬಂದು ಪಾದಕ್ಕೆ ಮುಟ್ಟಿತು. ನಾನು ಕಾಲು ಮೇಲೆ ಎಳೆದುಕೊಂಡು ಕಂಬಳಿ ಹೊದ್ದೆ. ಅವಳಾಗಿದ್ದರೆ ಬರಿಗಾಲಲ್ಲಿ ಹೊರಗೆ ಹೋಗುತ್ತಿದ್ದಳು.